ನಮ್ಮ ಮಂತ್ರದಾಟದ ತೀರ್ಪುಗಾರರು

ಕೊಂಡಾಪುರದ ನನ್ನ ಫ್ಲ್ಯಾಟಿನಲ್ಲಿ ಭಾನುವಾರಗಳಂದು ನಾವು ನಾಲ್ಕು ಜನ ಸಾಫ್ಟ್‌ವೇರಿನವರು ದಾಳ ಉರುಳಿಸುತ್ತ, ಮಾಂತ್ರಿಕರ ಪಾತ್ರ ಕಟ್ಟಿಕೊಂಡು ಕಥೆಯಾಟ ಆಡುತ್ತಿದ್ದೆವು. ಕಥೆ ನಡೆಸಿ ತೀರ್ಪು ಕೊಡುತ್ತಿದ್ದವರು ಲಿಂಗಂಪಲ್ಲಿಯಿಂದ ಲೋಕಲ್ ಟ್ರೇನಿನಲ್ಲಿ ಬರುತ್ತಿದ್ದ ಒಬ್ಬ ಕಲಬುರಗಿಯ ಟೆಸ್ಟರ್. ಜಗಳ ಬಂದರೆ ನಿಯಮದ ಪುಸ್ತಕದ ಮೇಲೆ ಬೆರಳಿಟ್ಟು, "ಪುಸ್ತಕ ಅಂತೈತ್ರಿ, ನಾ ಅಲ್ಲ," ಎನ್ನುತ್ತಿದ್ದರು.

ಒಮ್ಮೆ ಡ್ರ್ಯಾಗನ್ ಬೆಂಕಿ ಉಗುಳಿದಾಗ ನನ್ನ ಮಾಂತ್ರಿಕೆ ರಕ್ಷಣೆಯ ಮಂತ್ರವನ್ನು ತನ್ನ ಮೇಲೆಯೇ ಹಾಕಿಕೊಂಡಳು. 'ಕಣ್ಣಿಗೆ ಕಾಣುವ ಒಬ್ಬರನ್ನು ಕಾಯುತ್ತದೆ' ಎಂದಿತ್ತು ನಿಯಮ.

"ತನ್ನನ್ನ ತಾ ಹ್ಯಾಂಗ ನೋಡ್ಕೋತಾಳ್ರಿ?" ಎಂದು ಅವರು ಅವಳನ್ನು ಸಾಯಿಸಿಬಿಟ್ಟರು. ಎರಡು ವರ್ಷ ಆಡಿ ಬೆಳೆಸಿದವಳು. ಇನ್ನು ನಾನು ಆಡುವುದೇ ಇಲ್ಲ ಎಂದು ಎದ್ದು ಒಳಗೆ ಹೋದೆ.

ಮುಂದಿನ ಭಾನುವಾರ ಅವರು ಚಪ್ಪಲಿ ಬಿಡುವ ಮೊದಲೇ ಬಾಗಿಲಲ್ಲಿ ನಿಂತು ಹೇಳಿದರು: "ಅಕ್ಕಾರ, ಟ್ರೇನಿನ್ಯಾಗ ಕಂಬಿ ಹಿಡಿದು ನಿಂತಿದ್ದೆ. ನನ್ನ ಕೈ ನನಗ ಕಾಣಾಕತ್ತಿತ್ತು. ಆಕಿಗೂ ತನ್ನ ಕೈ ಕಂಡಿರತೈತಿ. ಆ ಸಾಲು ನಾನ ತಪ್ಪ ಓದಿದೆ."

ಅವಳಿಲ್ಲದ ಮುಂದಿನ ಕಥೆಯನ್ನು ವಾರವಿಡೀ ಕೂತು ಬರೆದು ತಂದಿದ್ದರು. ಆ ಹಾಳೆಗಳನ್ನು ಎಲ್ಲರೆದುರು ಹರಿದು ಹಾಕಿ, ದಾಳವನ್ನು ನನ್ನ ಅಂಗೈಯಲ್ಲಿಟ್ಟರು.

"ಬೆಂಕಿ ಒಳಗ ನಿಂತೀರಿ, ಒಂದ ಕೂದಲಾ ಸುಟ್ಟಿಲ್ಲ. ಹೇಳ್ರಿ, ಈಗೇನ್ ಮಾಡ್ತೀರಿ?"