ಎಮ್ಮೆಯ ಪಕ್ಕೆಗೆ ಒರಗಿದ ಮುತ್ಯಾ

ಅಜವಾನಕ್ಕೆ ಇಂಗು ಕೂಡಿಸಿ ಅರೆಯುವ ವಾಸನೆ ಎಲ್ಲಿಂದಾದರೂ ಬಂದರೆ ಸಾಕು, ನಾನು ಮಂಠಾಳದ ನಮ್ಮ ಕೊಟ್ಟಿಗೆಯಲ್ಲಿರುತ್ತೇನೆ. ನಿಮಗೂ ಇಂಥದೊಂದು ವಾಸನೆ ಇದ್ದೀತು. ಈಗ ಆ ಮನೆಯೂ ಇಲ್ಲ, ಕೊಟ್ಟಿಗೆಯೂ ಇಲ್ಲ; ಆ ಜಾಗದಲ್ಲಿ ಟ್ರ್ಯಾಕ್ಟರ್ ರಿಪೇರಿ ಅಂಗಡಿಯಿದೆ. ಮೂಗಿಗೆ ಅದನ್ನು ತಿಳಿಸಿ ಹೇಳುವವರು ಯಾರು? ನಾನು ಚಿಕ್ಕವಳಿದ್ದಾಗ ಒಂದು ದಿನ ನಮ್ಮ ಎಮ್ಮೆ ಚಂದ್ರಿ ಹಸಿ ಮೇವು ತಿಂದು ಹೊಟ್ಟೆಯುಬ್ಬಿ ಮಲಗಿಬಿಟ್ಟಿತ್ತು. ಮುತ್ಯಾ, ನನ್ನ ಅಜ್ಜ, ಬಿದಿರಿನ ಗೊಟ್ಟದಿಂದ ಅಜವಾನ-ಇಂಗಿನ ಔಷಧ ಕುಡಿಸಿ ಅದರ ಪಕ್ಕೆಗೆ ಬೆನ್ನು ಕೊಟ್ಟು ಕೂತಿದ್ದ. ನಮ್ಮ ಮನೆಯ ರೂಢಿಯೇ ಅದು: ದನಕ್ಕೆ ಜಡ್ಡಾದರೆ ಯಾರಾದರೂ ಒರಗಿಕೊಂಡೇ ಇರಬೇಕು, ಅದರ ಉಸಿರು ನಮ್ಮ ಬೆನ್ನಿಗೆ ತಿಳಿಯುತ್ತಿರಬೇಕು. ಚಂದ್ರಿ ತಾಯಿ ಸತ್ತ ಕರುವಾಗಿದ್ದಾಗ ಬಟ್ಟೆಯ ಬತ್ತಿಯಲ್ಲಿ ಹಾಲೂಡಿಸಿ ಬೆಳೆಸಿದವನು ಅವನೇ. ಚಂದ್ರಿ ಹೋದರೆ ಮುತ್ಯಾನೂ ಉಳಿಯುವುದಿಲ್ಲವೆಂದು ನನಗೆ ಭಯ.

ಹುಮನಾಬಾದಿನ ಕಾಲೇಜಿನಿಂದ ಸಂಜೆ ಬಸ್ಸಿಗೆ ಬಂದ ಕಮಲತ್ತಿ, ಮುತ್ಯಾನ ಮಗಳು, ಅವನನ್ನು ಮಾತಿಗೆಳೆಯಲೆಂದು ಅಂದು ಕಲಿತದ್ದನ್ನು ಹೇಳತೊಡಗಿದಳು.

"ಅಪ್ಪಾ, ಸಮುದ್ರದ ದಂಡಿಗಿ ಇಂಗ್ಲಿಷಿನ್ಯಾಗ ಕೋಸ್ಟ್ ಅಂತಾರ. ಹಳೀ ಲ್ಯಾಟಿನ್ ಭಾಷಾದಾಗ ಅದರ ಮೂಲ ಪಕ್ಕೆಲುಬು ಅಂತ. ಆಮ್ಯಾಲ ಮಗ್ಗಲಾ ಅಂತಾತು, ಕಡೀಕ ನೀರಿಗಿ ಹತ್ತಿದ ನೆಲದ ಮಗ್ಗಲಾ."

"ಹಂಗಾರ ಆ ಮಾತು ಹುಟ್ಟಿಸ್ದಾಂವ ದನಾ ಕಾಯ್ದಾಂವನೇ ಇರಬೇಕು," ಎಂದ ಮುತ್ಯಾ. ಚಂದ್ರಿಯ ಪಕ್ಕೆ ಸವರುತ್ತ ಕೇಳಿದ: "ಅಲ್ಲಿ ನೀರಿಗಿ ಉಸಿರು ಅದ ಏನವ್ವಾ?"

"ತೆರಿ ಬರ್ತಾವಂತ, ಹೋಗ್ತಾವಂತ. ನಾ ಎಲ್ಲಿ ನೋಡೀನಿ?"

"ಬರಾಕತ್ತದ, ಹೋಗಾಕತ್ತದ ಅಂದ್ರ ಜೀವ ಅದ ಬಿಡು."

ನಮ್ಮ ಮನೆಯಲ್ಲಿ ಯಾರೂ ಸಮುದ್ರ ಕಂಡವರಲ್ಲ. ಮುತ್ಯಾ ನನ್ನನ್ನೂ ಎಳೆದು ಒರಗಿಸಿಕೊಂಡ. ಆ ಕಪ್ಪು ಪಕ್ಕೆ ನನ್ನ ಬೆನ್ನನ್ನು ಮೆಲ್ಲಗೆ ಮುಂದಕ್ಕೆ ನೂಕುತ್ತಿತ್ತು, ಬಿಡುತ್ತಿತ್ತು. ಕಣ್ಣು ಮುಚ್ಚಿದರೆ ಜೋಳದ ಹೊಲಗಳಾಚೆ ನೀರೇ ನೀರು. ದೀಪ ಹಚ್ಚುವ ಹೊತ್ತಿಗೆ ಚಂದ್ರಿ ದೊಡ್ಡದಾಗಿ ತೇಗಿ ಮೆಲುಕು ಹಾಕತೊಡಗಿತು. ಮುತ್ಯಾ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡ.

ಎಷ್ಟೋ ವರ್ಷಗಳ ಮೇಲೆ ಮುತ್ಯಾನೇ ಹಾಸಿಗೆ ಹಿಡಿದಾಗ ಅವನ ಮಗ್ಗುಲಿಗೆ ಬೆನ್ನು ಕೊಟ್ಟು ಕೂತವಳು ನಾನು. ಉಸಿರು ಬಂತು, ಹೋಯಿತು. ಬಂತು, ಹೋಯಿತು. ಆಮೇಲೆ ಬರಲಿಲ್ಲ. ಕಮಲತ್ತಿ ಹೆಗಲು ಹಿಡಿದು "ಏಳವ್ವಾ" ಎನ್ನುವವರೆಗೂ ನಾನು ಏಳಲಿಲ್ಲ.

ಮೊನ್ನೆ ಕಾರವಾರದಲ್ಲಿ ಮೊದಲ ಸಲ ಸಮುದ್ರ ಕಂಡೆ. ಎಲ್ಲರೂ ನೀರಿಗೆ ಮುಖ ಮಾಡಿ ಕೂತಿದ್ದರು. ನಾನು ಮಾತ್ರ ಒದ್ದೆ ಮರಳಿನಲ್ಲಿ ನೀರಿಗೆ ಬೆನ್ನು ಕೊಟ್ಟು ಕೂತೆ. ತೆರೆಯೊಂದು ಬಂದು ಬೆನ್ನಿಗೆ ತಾಕಿತು, ಹೋಯಿತು. ಮತ್ತೆ ಬಂತು.