ನಾಲ್ಕು ಕಡಿಮೆಯಾದ ಅಂಕಿಗಳು

ನನ್ನ ಅತ್ತಿಗೆಗೆ ಪ್ರೆಸ್ಸಿನಲ್ಲಿ ‘ಕಾಲಂ ಅಕ್ಕ’ ಎಂದೇ ಹೆಸರು. ಪುಟ ಜೋಡಿಸುವವರು ಅಲ್ಲಿ ಇನ್ನೂ ಇಬ್ಬರಿದ್ದರು. ಆದರೆ ಗೆರೆ ಎಳೆದು ಅಂಕಿ ತುಂಬುವ ಕೆಲಸ ಬಂದರೆ ಯಜಮಾನರು ಅದನ್ನು ಕಣ್ಣು ಮುಚ್ಚಿಕೊಂಡು ಅತ್ತಿಗೆಗೇ ಕಳಿಸುತ್ತಿದ್ದರು. ಬಸ್ ಡಿಪೋದ ವೇಳಾಪಟ್ಟಿ ಹತ್ತೊಂಬತ್ತು ವರ್ಷ ಅವರ ಕೈಯಿಂದಲೇ ಹೊರಬಂತು. ಡಿಪೋದ ಕೈಬರಹದ ಹಾಳೆಗಳನ್ನು ಎಡಗಡೆ ಒರಗಿಸಿಟ್ಟು, ಮನೆಯ ಮುಂದಿನ ಕೋಣೆಯಲ್ಲಿ ಕಿಟಕಿಗೆ ಬೆನ್ನು ಹಾಕಿ ಕೂತು ಟೈಪು ಮಾಡುತ್ತಿದ್ದರು. ಒಲೆಯ ಮೇಲೆ ಹಾಲಿಟ್ಟು ಬಂದು ಒಂದು ಕಾಲಂ ಮುಗಿಸಿ, ಅದು ಉಕ್ಕುವ ಮುಂಚೆ ಎದ್ದು ಹೋಗುವಷ್ಟು ಲೆಕ್ಕಾಚಾರ ಅವರದು.

ನಾನು ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನು. ಅಣ್ಣ ನನ್ನನ್ನು ಕರೆಯುವುದು ‘ಸೈನ್ಸು’ ಎಂದು. ಅವನ ಮನೆ ನಮ್ಮ ಮನೆಯಿಂದ ಎರಡು ಬೀದಿಯಾಚೆ. ಅಲ್ಲಿ ಮಿಕ್ಸಿ ಕೆಟ್ಟರೂ, ಗಡಿಯಾರ ನಿಂತರೂ ನನಗೇ ಕರೆ.

ಒಂದು ಭಾನುವಾರ ಅತ್ತಿಗೆ, “ಈ ಕಂಪ್ಯೂಟರ್ ಎರಡು ಫೈಲ್ ತೆಗೆದ್ರೆ ಏದುಸಿರು ಬಿಡುತ್ತಪ್ಪ, ಏನಾದ್ರೂ ಮಾಡೋಕಾಗುತ್ತಾ?” ಎಂದರು. ನನ್ನ ಡೆಸ್ಕ್‌ಟಾಪಿನಿಂದ ತೆಗೆದಿಟ್ಟಿದ್ದ ಒಂದು ರ‍್ಯಾಮ್ ಪಟ್ಟಿ, ಅಂದರೆ ಯಂತ್ರದ ನೆನಪಿನ ತುಂಡು, ಮನೆಯಲ್ಲಿತ್ತು. ತಂದು, ಅವರ ಹಳೆಯ ಪಟ್ಟಿಯ ಪಕ್ಕದ ಖಾಲಿ ಜಾಗದಲ್ಲಿ ಕೂರಿಸಿದೆ. ಎರಡೂ ಬೇರೆ ಬೇರೆ ಕಂಪನಿಯವು. ನನ್ನದರ ವೇಗ ಹೆಚ್ಚು, ಅವರದರದು ಕಡಿಮೆ. ಇಂಥ ಎರಡನ್ನು ಜೊತೆಗೆ ಹಾಕಿದರೆ ಯಂತ್ರ ತಾನಾಗಿಯೇ ನಿಧಾನದ ಪಟ್ಟಿಯ ವೇಗಕ್ಕೆ ಇಳಿದು ಕೆಲಸ ಮಾಡುತ್ತದೆ. ಹಾಗೇ ಬಿಟ್ಟಿದ್ದರೆ ಬಹುಶಃ ಏನೂ ಆಗುತ್ತಿರಲಿಲ್ಲ. ನನಗೆ ಅದು ಸಾಲಲಿಲ್ಲ. ಸೆಟ್ಟಿಂಗ್ಸಿಗೆ ಹೋಗಿ ಎರಡನ್ನೂ ನನ್ನ ಪಟ್ಟಿಯ ವೇಗಕ್ಕೆ ಏರಿಸಿದೆ. ಆ ಹೆಚ್ಚಿನ ವೇಗ ಅತ್ತಿಗೆಯ ಕೆಲಸಕ್ಕೆ ಬೇಕಿರಲಿಲ್ಲ. ನನ್ನ ಹೆಮ್ಮೆಗೆ ಬೇಕಿತ್ತು.

ಹೀಗೆ ಮಾಡಿದ ಮೇಲೆ ರ‍್ಯಾಮನ್ನು ಪರೀಕ್ಷಿಸುವ ಒಂದು ಪ್ರೋಗ್ರಾಂ ಓಡಿಸಬೇಕು. ನಾಲ್ಕು ಗಂಟೆ ಹಿಡಿಯುತ್ತದೆ.

“ಸೈನ್ಸೂ, ಊಟ ಆರಿಹೋಗ್ತಿದೆ, ಬಾರೋ!” ಎಂದು ಅಣ್ಣ ಕೂಗಿದ.

“ಮುಗೀತು. ಇನ್ನು ನೋಡಿ ಅತ್ತಿಗೆ, ಕುದುರೆ ಓಡಿದ ಹಾಗೆ ಓಡುತ್ತೆ,” ಎಂದು ಕೈ ತೊಳೆದೆ. ಪ್ರಯೋಗಾಲಯದಲ್ಲಿ ಫಲಿತಾಂಶ ಮೊದಲೇ ಗೊತ್ತಿರುವ ಮಾದರಿ ಇಟ್ಟು ಉಪಕರಣವನ್ನು ಪರೀಕ್ಷಿಸಿಕೊಳ್ಳದೆ ನಾನು ಒಂದು ಬಾಟಲಿ ನೀರನ್ನೂ ಅಳೆದವನಲ್ಲ.

ಯಂತ್ರ ನಿಜವಾಗಿಯೂ ಓಡಿತು. ಎರಡು ವಾರದ ಮೇಲೆ ಒಂದು ಮಧ್ಯಾಹ್ನ ಪರದೆ ಇದ್ದಕ್ಕಿದ್ದಂತೆ ಕಲ್ಲಾಗಿ ನಿಂತಿತಂತೆ. ಫೋನಿನಲ್ಲೇ, “ಕರೆಂಟು ಏರುಪೇರಾಗಿರ್ಬೇಕು, ಆಫ್ ಮಾಡಿ ಆನ್ ಮಾಡಿ,” ಎಂದೆ. ಕಾರಣ ಬೇರೆ ಇರಬಹುದೆಂದು ಆಗಲೇ ಅನಿಸಿತ್ತು. ಅನಿಸಿದ್ದನ್ನು ಅಲ್ಲಿಗೇ ಬಿಟ್ಟೆ.

ಆಮೇಲೆ ತಪ್ಪುಗಳು ಶುರುವಾದವು. ವೇಳಾಪಟ್ಟಿಯ ಕರಡಿನಲ್ಲಿ ಬೆಳಿಗ್ಗೆ 6.15ಕ್ಕೆ ಹೊರಟ ಬಸ್ಸು ಅದೇ ಬೆಳಿಗ್ಗೆ 3.05ಕ್ಕೆ ತಲುಪಿತ್ತು. ಡಿಪೋದ ಗುಮಾಸ್ತರು ಪ್ರೆಸ್ಸಿಗೇ ಬಂದು, “ಏನಕ್ಕಾ, ನಿಮ್ಮ ಬಸ್ಸು ಹೊರಡೋಕೆ ಮುಂಚೆಯೇ ಊರು ಸೇರ್ಕೊಳ್ಳುತ್ತಲ್ಲಾ! ಡ್ರೈವರ್ ಯಾರು, ನನಗೂ ಹೇಳಿ,” ಎಂದು ನಕ್ಕರು. ಅತ್ತಿಗೆಯೂ ನಕ್ಕು ತಿದ್ದಿಕೊಟ್ಟರು. ಮುಂದಿನ ಕರಡಿನಲ್ಲಿ ಇನ್ನೆರಡು ತಪ್ಪು.

ಆ ಭಾನುವಾರ ಊಟಕ್ಕೆ ಕೂತಾಗ ಅವರು ಮೆಲ್ಲಗೆ ಕೇಳಿದರು: “ಕಂಪ್ಯೂಟರ್ ಏನಾದ್ರೂ ತಪ್ಪು ಮಾಡುತ್ತೇನಪ್ಪ?”

“ಕಂಪ್ಯೂಟರ್ ಎಲ್ಲಾದ್ರೂ ತಪ್ಪು ಮಾಡುತ್ತಾ ಅತ್ತಿಗೆ? ವಯಸ್ಸಾಯ್ತು ನಿಮಗೆ. ಕಣ್ಣು ತೋರಿಸ್ಕೊಳ್ಳಿ.”

ಎಲ್ಲರೂ ನಕ್ಕರು. ಅಣ್ಣನಂತೂ ಸಾರಿನ ಪಾತ್ರೆ ಎತ್ತಿ ಹಿಡಿದು, “ಇದು ಸಾರು, ಕಾಣಿಸ್ತಿದೆಯೇನೇ?” ಎಂದ. ಅತ್ತಿಗೆ ಅದೇ ವಾರ ಕಣ್ಣಿನ ಡಾಕ್ಟರ ಹತ್ತಿರ ಹೋದರು. ಹೊಸ ಕನ್ನಡಕ ಬಂತು. ಮೇಜನ್ನು ಕಿಟಕಿಯ ಬೆಳಕಿಗೆ ತಿರುಗಿಸಿದರು. ಮಧ್ಯಾಹ್ನದ ಹೊತ್ತಿನಲ್ಲೇ ತಪ್ಪಾಗುತ್ತಿದೆಯೆಂದು ಮಧ್ಯಾಹ್ನ ಕೆಲಸ ಮಾಡುವುದನ್ನೇ ಕಡಿಮೆ ಮಾಡಿದರು. ಆ ಹೊತ್ತಿನ ಸೆಕೆಗೆ ಬಿಸಿಯೇರಿ ಕೈಕೊಡುತ್ತಿದ್ದದ್ದು ನಾನು ವೇಗ ಏರಿಸಿದ್ದ ಆ ಎರಡು ರ‍್ಯಾಮ್ ಪಟ್ಟಿಗಳು.

ಅಷ್ಟರಲ್ಲಿ ಒಂದು ತಪ್ಪು ಅಚ್ಚಾಗಿಯೇ ಹೋಯಿತು. 5.40ರ ಬಸ್ಸು 1.40 ಆಗಿತ್ತು. ಯಾರೋ ಬಾಣಂತಿ ಮಗುವನ್ನು ಎತ್ತಿಕೊಂಡು ನಿಲ್ದಾಣದಲ್ಲಿ ನಾಲ್ಕು ಗಂಟೆ ಕೂತಿದ್ದಳೆಂದು ಗುಮಾಸ್ತರು ಹೇಳಿದರಂತೆ. ಈ ಸಲ ಅವರು ನಗಲಿಲ್ಲ.

ಅತ್ತಿಗೆ ತಮ್ಮ ತಪ್ಪುಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದರು: ಎಡಕ್ಕೆ ಸರಿಯಾದದ್ದು, ಬಲಕ್ಕೆ ತಪ್ಪಾಗಿ ಬಿದ್ದದ್ದು. ಅದನ್ನು ನನ್ನ ಮುಂದಿಟ್ಟರು. “ನೀನು ಓದಿದವನು. ಕಣ್ಣು ಹೀಗೂ ಮೋಸ ಮಾಡುತ್ತಾ, ನೋಡಿ ಹೇಳು.”

ಒಟ್ಟು ಇಪ್ಪತ್ಮೂರು ತಪ್ಪು. ಐದು ಇದ್ದಲ್ಲಿ ಒಂದು. ಏಳು ಇದ್ದಲ್ಲಿ ಮೂರು. ಆರಕ್ಕೆ ಎರಡು, ನಾಲ್ಕಕ್ಕೆ ಸೊನ್ನೆ. ಸೋತ ಕಣ್ಣು ಮೂರನ್ನು ಎಂಟೆಂದುಕೊಂಡೀತು, ಒಂದನ್ನು ಏಳೆಂದುಕೊಂಡೀತು. ಇಲ್ಲಿ ಅಂಥದ್ದು ಒಂದೂ ಇರಲಿಲ್ಲ. ಪ್ರತಿ ತಪ್ಪೂ ಸರಿಯಾಗಿ ನಾಲ್ಕು ಕಡಿಮೆ. ಕಂಪ್ಯೂಟರು ಅಂಕಿಯನ್ನು ಒಂದು, ಎರಡು, ನಾಲ್ಕು, ಎಂಟು ಎಂಬ ಬೆಲೆಯ ಚಿಕ್ಕ ಚಿಕ್ಕ ಗುರುತುಗಳಾಗಿ ರ‍್ಯಾಮಿನಲ್ಲಿ ಇಟ್ಟುಕೊಳ್ಳುತ್ತದೆ. ಆ ನಾಲ್ಕರ ಗುರುತು ಎಲ್ಲೋ ಆಗಾಗ ಅಳಿಸಿಹೋಗುತ್ತಿತ್ತು. ತನ್ನದಲ್ಲದ ವೇಗದಲ್ಲಿ ಓಡಲಾರದೆ ಅವರ ಹಳೆಯ ಪಟ್ಟಿ ಅದನ್ನು ಕೈಬಿಡುತ್ತಿತ್ತು.

“ನೋಡಿ ಹೇಳ್ತೀನಿ ಅತ್ತಿಗೆ,” ಎಂದೆ. ಅವರು ಕಾಫಿ ಮಾಡಲು ಒಳಗೆ ಹೋದಾಗ ಯಂತ್ರ ಬಿಚ್ಚಿ ನನ್ನ ಪಟ್ಟಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡೆ. ವೇಗವನ್ನು ಮೊದಲಿದ್ದಲ್ಲಿಗೆ ಇಳಿಸಿದೆ. “ಧೂಳು ತೆಗೆದೆ,” ಎಂದು ಹೇಳಿ, ಕಾಫಿ ಕುಡಿದು ಮನೆಗೆ ಬಂದೆ.

ಒಂಬತ್ತು ದಿನ ಬಾಯಿ ಬಿಡಲಿಲ್ಲ. ಇನ್ನು ತಪ್ಪಾಗುವುದಿಲ್ಲ, ಎಲ್ಲರೂ ಮರೆಯುತ್ತಾರೆ ಎಂದುಕೊಂಡಿದ್ದೆ. ಹತ್ತನೆಯ ದಿನ ಅಣ್ಣ ಸಿಕ್ಕಿ, “ನಿಮ್ಮತ್ತಿಗೆ ಡಿಪೋ ಕೆಲಸ ಬೇಡ ಅಂತ ಪ್ರೆಸ್ಸಿಗೆ ಹೇಳಿ ಬಂದ್ಲು ಕಣೋ. ಕಣ್ಣನ್ನ ನಂಬೋಕಾಗಲ್ಲ ಅಂತಾಳೆ,” ಎಂದ.

ಅಲ್ಲಿಂದ ನೇರವಾಗಿ ಅತ್ತಿಗೆಯ ಹತ್ತಿರ ಹೋದೆ. ಅವರು ಬಟ್ಟೆ ಮಡಿಸುತ್ತಿದ್ದರು. ನಿಂತೇ ಎಲ್ಲ ಹೇಳಿದೆ: ವೇಗ ಏರಿಸಿದ್ದು, ಪರೀಕ್ಷೆ ಬಿಟ್ಟದ್ದು, ಪುಸ್ತಕ ನೋಡಿದ ಕೂಡಲೇ ಗೊತ್ತಾದದ್ದು.

“ಅವತ್ತೇ ಗೊತ್ತಾಯ್ತಾ?”

“ಹೂಂ.”

“ಧೂಳು ತೆಗೆದೆ ಅಂದೆ.”

ಅವರು ಕೈಯಲ್ಲಿದ್ದ ಅಂಗಿಯನ್ನು ಮಡಿಸಿ, ಬಿಡಿಸಿ, ಮತ್ತೆ ಮಡಿಸಿದರು.

“ನಾನು ಒಬ್ಬಳೇ ಇದ್ದಾಗ ಗೋಡೆಯ ಕ್ಯಾಲೆಂಡರ್ ಓದಿ ಓದಿ ನೋಡ್ಕೋತಿದ್ದೆ ಕಣೋ, ಸರಿ ಕಾಣುತ್ತಾ ಅಂತ,” ಎಂದರು. ಎದ್ದು ಸೆರಗು ಸರಿಮಾಡಿಕೊಂಡರು. “ನಡಿ. ನನಗೆ ಹೇಳಿದ್ದನ್ನ ಅಲ್ಲೂ ಹೇಳು.”

ಪ್ರೆಸ್ಸಿನಲ್ಲಿ ಯಜಮಾನರು, ಪುಟ ಜೋಡಿಸುವ ಇಬ್ಬರು, ಬೈಂಡಿಂಗಿನವರು ಎಲ್ಲರೂ ಇದ್ದರು. ಯಂತ್ರದ ಸದ್ದಿನಲ್ಲಿ ಮೊದಲ ಸಲ ಹೇಳಿದ್ದು ಯಾರಿಗೂ ಕೇಳಿಸಲಿಲ್ಲ. ಯಜಮಾನರು ಅದನ್ನು ನಿಲ್ಲಿಸಿ, “ಏನಂದ್ರಿ? ಇನ್ನೊಂದ್ಸಲ ಹೇಳಿ,” ಎಂದರು. ಆ ನಿಶ್ಶಬ್ದದಲ್ಲಿ ಮತ್ತೆ ಹೇಳಿದೆ.

“ಓಹೋ! ಹಾಗಾದ್ರೆ ಆ ಬಸ್ಸಿನ ಡ್ರೈವರ್ ಇವರೇ!” ಎಂದರು ಬೈಂಡಿಂಗಿನವರು. ಯಜಮಾನರು ಮಾತ್ರ ನನ್ನ ಕಡೆ ನೋಡಲೇ ಇಲ್ಲ. “ಅಕ್ಕಾ, ಹಾಳೆಗಳು ಇಲ್ಲೇ ಇವೆ. ಬೇರೆಯವರಿಗೆ ಕೊಡೋಕೆ ಮನಸ್ಸು ಬಂದಿರ್ಲಿಲ್ಲ,” ಎಂದು ಕಟ್ಟನ್ನು ಅತ್ತಿಗೆಯ ಕೈಗಿಟ್ಟರು. ತಪ್ಪು ನನ್ನದೆಂದು ಡಿಪೋದ ಗುಮಾಸ್ತರಿಗೆ ನಾನೇ ಬರೆದುಕೊಟ್ಟೆ. ಆ ಬಾಣಂತಿ ಯಾರೆಂದು ಅವರಿಗೂ ಗೊತ್ತಿರಲಿಲ್ಲ.

ಮುಂದಿನ ಭಾನುವಾರ ಪರೀಕ್ಷೆಯ ಪ್ರೋಗ್ರಾಂ ಹಾಕಿ ನಾಲ್ಕು ಗಂಟೆಯೂ ಅದರ ಮುಂದೆಯೇ ಕೂತೆ. ಒಂದು ದೋಷವೂ ಬರಲಿಲ್ಲ. ಅತ್ತಿಗೆ ಬಂದು ಕೂತು ಮೊದಲ ಹಾಳೆ ಎತ್ತಿಕೊಂಡರು. ಅರ್ಧ ಕಾಲಂ ಆದ ಮೇಲೆ ಕೈ ನಿಂತಿತು. ಹಾಳೆಯನ್ನು ನನ್ನ ಕಡೆ ತಿರುಗಿಸಿ ಒಂದು ಅಂಕಿಯ ಕೆಳಗೆ ಉಗುರಿಟ್ಟರು.

“ಇದು ಐದು ತಾನೇ?”

ಕಪ್ಪು ಶಾಯಿಯಲ್ಲಿ ದಪ್ಪಗೆ ಬರೆದ ಐದು. ಎರಡು ಮಾರು ದೂರದಿಂದಲೂ ಕಾಣುವಂತಿತ್ತು.

“ಐದೇ ಅತ್ತಿಗೆ,” ಎಂದೆ. ಅವರು ತಲೆಯಾಡಿಸಿ ಟೈಪು ಮಾಡಿದರು. ಎರಡು ಸಾಲು ದಾಟಿ ಮತ್ತೆ ನಿಲ್ಲಿಸಿದರು. ನಾನು ಕುರ್ಚಿಯನ್ನು ಪಕ್ಕಕ್ಕೆ ಎಳೆದುಕೊಂಡು, ಅವರು ಕೇಳುವ ಮುಂಚೆಯೇ ಆ ಅಂಕಿಯನ್ನು ಓದಿ ಹೇಳಿದೆ.