ಅವ್ವ ನಿಲ್ಲಿಸಿಟ್ಟ ಸಿನಿಮಾಗಳು

ನಮ್ಮ ಮನೆಗೆ ಆ ಸಿನಿಮಾ ಆಪ್ ಬಂದದ್ದು ಬಿಟ್ಟಿಯಾಗಿ. ಅಪ್ಪನ ಫೋನಿಗೆ ರೀಚಾರ್ಜ್ ಮಾಡಿಸಿದಾಗ, ಅದರ ಜೊತೆಗೆ ಇದೂ ಕೆಲವು ತಿಂಗಳು ಉಚಿತ ಅಂತ ಅಂಗಡಿಯವನು ಹಾಕಿಕೊಟ್ಟ. ಹಾಗಾಗಿ ಖಾತೆ ಅಪ್ಪನ ನಂಬರಿಗೇ ಬಿತ್ತು, ನೋಡುವುದು ಮಾತ್ರ ಮನೆಯ ಟಿವಿಯಲ್ಲಿ. ಬಿಟ್ಟಿ ಬಂದದ್ದರ ಮೇಲೆ ಅಪ್ಪನಿಗೆ ಯಾವತ್ತೂ ನಂಬಿಕೆಯಿಲ್ಲ. “ಇವತ್ತು ಸುಮ್ಮಾ ಕೊಡ್ತಾನೆ, ನಾಳೆ ಕುತ್ತಿಗೆ ಹಿಡೀತಾನೆ, ನೋಡ್ತಾ ಇರು” ಅಂದರು. ಅಪ್ಪನ ಬಾಯಿಂದ ಬಂದ ಮಾತು ಅಷ್ಟು ಕೆಟ್ಟದಾಗಿ ನಿಜವಾದದ್ದು ಅದೊಂದೇ.

ನಾವು ಮೆಟ್ಟುಪಾಳ್ಯಂ ಹತ್ತಿರದ ನೇಕಾರರು. ಎಷ್ಟು ತಲೆಮಾರಿನಿಂದ ಇಲ್ಲಿದ್ದೇವೆ ಅಂತ ಯಾರಿಗೂ ಲೆಕ್ಕವಿಲ್ಲ. ಬಾಗಿಲಿನಿಂದ ಹೊರಗೆ ತಮಿಳು, ಒಳಗೆ ಕನ್ನಡ. ಕನ್ನಡದ ಅಕ್ಷರ ಮಾತ್ರ ಯಾರಿಗೂ ಬಾರದು. ಮದುವೆಯಾಗಿ ಕೊಯಮತ್ತೂರಿನ ಪೀಳಮೇಡಿಗೆ ಬಂದ ಮೇಲೆ, ಮೈಸೂರು ಕಡೆಯ ಗಂಡನಿಂದ ಹಟ ಹಿಡಿದು ಅಕ್ಷರ ಕಲಿತವಳು ನಾನೊಬ್ಬಳೇ. ಅದಕ್ಕೇ ಇದನ್ನು ಬರೆಯುವುದೂ ನನ್ನ ತಲೆಗೇ ಬಂದಿದೆ.

ಮೊದಮೊದಲು ಆ ಆಪಿನಲ್ಲಿ ನಮಗೆ ಬೇಕಾದದ್ದು ಏನೂ ಇರಲಿಲ್ಲ. ಮೇಲಿನಿಂದ ಕೆಳಗಿನವರೆಗೆ ಇಂಗ್ಲಿಷು, ಆಮೇಲೆ ಹಿಂದಿ, ಆಮೇಲೆ ತಮಿಳು. ಎಲ್ಲಕ್ಕಿಂತ ಕೆಳಗೆ, ಹುಡುಕಿ ಹುಡುಕಿ ಬೆರಳು ನೋಯುವ ಹೊತ್ತಿಗೆ, ನಾಲ್ಕಾರು ಕನ್ನಡ ಸಿನಿಮಾ. ಅವ್ವನಿಗೆ ಅಷ್ಟೇ ಸಾಕಾಯಿತು. ಕೇಬಲ್‌ನವನು ಇದ್ದ ಒಂದೇ ಒಂದು ಕನ್ನಡ ಚಾನಲ್ಲನ್ನು ಯಾರೂ ನೋಡುವುದಿಲ್ಲ ಅಂತ ತೆಗೆದುಹಾಕಿದ ಮೇಲೆ ಅವಳು ಬೇರೆ ಮನೆಯವರ ಬಾಯಿಂದ ಕನ್ನಡ ಕೇಳಿಯೇ ಇರಲಿಲ್ಲ. ಮೊದಲ ಸಿನಿಮಾ ನೋಡಿ ಮುಗಿಸಿ, “ಏನಡೀ ಇವ್ರು, ಎಲ್ರೂ ಇಸ್ಕೂಲ್ ವಾದ್ಯಾರ್ ಥರಾನೇ ಮಾತಾಡ್ತಾರೆ! ಗಂಡ ಹೆಂಡ್ತಿ ಜಗಳಾನೂ ಪಾಠ ಒಪ್ಪಿಸ್ದಂಗೆ ಇದೆ” ಅಂದಳು. ಅಂದಳು, ಮಾರನೆಯ ದಿನ ಮತ್ತೆ ಅದನ್ನೇ ಹಾಕಿಸಿಕೊಂಡು ನೋಡಿದಳು.

ಬರಬರುತ್ತಾ ಆ ಆಪ್ ಬೆಳೆಯಿತು. ಕನ್ನಡದ ಸಾಲು ಒಂದೊಂದೇ ಮೆಟ್ಟಿಲು ಮೇಲೆ ಬಂತು. ಅವರೇ ಧಾರಾವಾಹಿ ಮಾಡತೊಡಗಿದರು. ದರ ಏರಿತು, ಆಮೇಲೆ ದುಡ್ಡು ಕೊಟ್ಟವರಿಗೂ ನಡುವೆ ಜಾಹೀರಾತು ತುರುಕಿದರು. ಒಂದು ಖಾತೆಯೊಳಗೆ ಮನೆಯವರಿಗೆಲ್ಲ ಬೇರೆ ಬೇರೆ ಬಾಗಿಲು ಇಟ್ಟರು. ಬಾಗಿಲಿಗೊಂದು ಚಿತ್ರ. ಅಪ್ಪನಿಗೆ ಕನ್ನಡಕ ಹಾಕಿದ ಕರಡಿ, ನನಗೆ ಬೆಕ್ಕು, ತಂಗಿಗೆ ಹಳದಿ ಕೋಳಿಮರಿ. ಅವ್ವ ತನಗೆ ಬೇಡ ಅಂದಳು. “ಒಂದ್ ಮನೇಲಿ ಎಷ್ಟ್ ಬಾಗ್ಲು ಇಡ್ತೀರಿ? ನಾನ್ ಯಾವ್ದ್ರಲ್ಲಾದ್ರೂ ನುಗ್ತೀನಿ.”

ಆಮೇಲೆ ತಂಗಿ ಮದುವೆಯಾದಳು. ನಮ್ಮವರಲ್ಲದ ಹುಡುಗ, ಪೊಳ್ಳಾಚಿಯಲ್ಲಿ ತೆಂಗಿನಕಾಯಿ ವ್ಯಾಪಾರ. ಹೇಳಿದರೆ ಬಿಡುವುದಿಲ್ಲ ಅಂತ ಹೇಳದೆ ಹೋಗಿ ತಾಳಿ ಕಟ್ಟಿಸಿಕೊಂಡು, ಆಮೇಲೆ ಫೋನ್ ಮಾಡಿದಳು. ಅಪ್ಪ ಫೋನ್ ಕೆಳಗಿಟ್ಟು ಮಗ್ಗ ನಿಲ್ಲಿಸಿದರು. ನಮ್ಮಲ್ಲಿ ಸಾವಾದಾಗ ಮಾತ್ರ ಹಾಗೆ ಮಗ್ಗ ನಿಲ್ಲುವುದು. ಹೊಳೆಗೆ ಹೋಗಿ ಮುಳುಗಿ ಬಂದರು. ಬದುಕಿರುವ ಮಗಳಿಗೆ ಎಳ್ಳುನೀರು ಬಿಟ್ಟು ಬಂದ ಆ ಮನುಷ್ಯನನ್ನು, ಅವತ್ತು ಊರಿಗೆ ಬಂದಿದ್ದ ನಾನು ಬಾಯಿಗೆ ಬಂದ ಹಾಗೆ ಬೈದೆ. ಅಪ್ಪ ಒದ್ದೆ ಪಂಚೆಯಲ್ಲೇ ನಿಂತು ಕೇಳಿಸಿಕೊಂಡರು. ನನ್ನ ಬೈಗುಳ ಮುಗಿದ ಮೇಲೆ ಅವ್ವನ ಕಡೆ ತಿರುಗಿ, ತಾಳಿ ಮುಟ್ಟಿಸಿ ಆಣೆ ಹಾಕಿಸಿಕೊಂಡರು: ಅವಳನ್ನು ನೋಡಬಾರದು, ಅವಳ ಹತ್ತಿರ ಮಾತಾಡಬಾರದು, ಅವಳ ಸುದ್ದಿ ಕೇಳಬಾರದು.

ಅವ್ವ ಆಣೆ ಮುರಿಯುವ ಹೆಂಗಸಲ್ಲ. ನನಗೆ ಯಾವ ಆಣೆಯೂ ಇರಲಿಲ್ಲ, ತಂಗಿಯ ಹತ್ತಿರ ಮಾತಾಡುತ್ತಲೇ ಇದ್ದೆ. ಊರಿಗೆ ಹೋದಾಗ “ಅವ್ಳು ಹೇಳಿದ್ಲು” ಅಂತ ಬಾಯಿ ತೆರೆದರೆ ಸಾಕು, ಅವ್ವ ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದಳು. “ಬೇಡ ಕಣ್ಣು, ಬೇಡ ಮಗ್ಳೇ, ನನ್ನ ಪಾಪಕ್ಕೆ ದೂಡ್ಬೇಡ” ಅನ್ನುತ್ತಿದ್ದಳು. ಎಷ್ಟು ಸಲ ಆ ಕೈಗಳನ್ನು ಕಿತ್ತು ತೆಗೆಯೋಣ ಅನ್ನಿಸಿತೋ.

ಆದರೆ ಆಣೆಯಲ್ಲಿ ಟಿವಿಯ ಮಾತು ಬಂದಿರಲಿಲ್ಲ. ಅದು ಅವ್ವನಿಗೆ ಹೊಳೆದದ್ದು ಹೇಗೆ ಅಂತ ಹೇಳಬೇಕಾದರೆ ಮಗ್ಗದ ವಿಷಯ ಹೇಳಬೇಕು. ನಮ್ಮ ಮನೆಯಲ್ಲಿ ಒಂದು ಸೀರೆಯನ್ನು ಒಬ್ಬರೇ ನೆಯ್ದದ್ದಿಲ್ಲ. ಬೆಳಗ್ಗೆ ಅಪ್ಪ, ಅಡಿಗೆ ಮುಗಿದ ಮೇಲೆ ಅವ್ವ, ಶಾಲೆಯಿಂದ ಬಂದ ಮೇಲೆ ನಾವು. ಏಳುವಾಗ ಒಂದು ರೀತಿಯಿತ್ತು. ಸೀರೆಯ ಹೂವು ಪೂರ್ತಿ ಮಾಡಿ ಏಳಬಾರದು. ಅರ್ಧ ಹೂವಿನಲ್ಲಿ ಲಾಳಿ ಬಿಟ್ಟು ಏಳಬೇಕು. ಪೂರ್ತಿಯಾದ ಹೂವು ನೋಡಿದರೆ ಮುಂದೆ ಕೂರುವವರಿಗೆ ಸೋಮಾರಿತನ ಬರುತ್ತದೆ, ಅರ್ಧ ಹೂವು ನೋಡಿದರೆ ಕೈ ತಾನಾಗಿ ಹೋಗುತ್ತದೆ ಅನ್ನುವುದು ಅವ್ವನ ವಾದ. ನಾನು ಎದ್ದ ಜಾಗಕ್ಕೆ ತಂಗಿ ಬಂದು ಕೂತು, “ಅಕ್ಕ, ನಿನ್ ಹೂವ್ ಸೊಟ್ಟಗಿದೆ” ಅಂತ ಕಿಚಾಯಿಸಿ, ಉಳಿದರ್ಧ ನೆಯ್ಯುತ್ತಿದ್ದಳು.

ತಂಗಿ ಹೋದ ಮೇಲೆ ಒಂದು ಮಧ್ಯಾಹ್ನ ಅವ್ವ ಕೋಳಿಮರಿಯ ಬಾಗಿಲು ಒತ್ತಿದಳು. ಒಳಗೆ ತಂಗಿ ನೋಡುತ್ತಿದ್ದ ಸಿನಿಮಾಗಳ ಸಾಲು, ಒಂದೊಂದರ ಕೆಳಗೂ ಎಲ್ಲಿಯವರೆಗೆ ನೋಡಿದ್ದಾಳೆ ಅಂತ ತೋರಿಸುವ ಕೆಂಪು ಗೆರೆ. ಪೊಳ್ಳಾಚಿಯ ಮನೆಯಲ್ಲೂ ತಂಗಿ ಅದೇ ಖಾತೆ ಇಟ್ಟುಕೊಂಡಿದ್ದಳು. ಅಲ್ಲಿ ಎಲ್ಲರದೂ ತಮಿಳು. ಅವಳಿಗೂ ಕನ್ನಡ ಕಿವಿಗೆ ಬೀಳುತ್ತಿದ್ದದ್ದು ಆ ಟಿವಿಯಿಂದಲೇ. ನಿನ್ನೆ ಇಲ್ಲಿದ್ದ ಗೆರೆ ಇವತ್ತು ಅಲ್ಲಿಗೆ ಹೋಗಿದೆ ಅಂದರೆ ಮಗಳು ಎದ್ದಿದ್ದಾಳೆ, ಉಂಡಿದ್ದಾಳೆ, ಸಿನಿಮಾ ನೋಡುವಷ್ಟು ನೆಮ್ಮದಿಯಾಗಿದ್ದಾಳೆ. ಅವ್ವ ಒಂದು ಕನ್ನಡ ಸಿನಿಮಾ ಹಾಕಿ, ಅರ್ಧ ನೋಡಿ, ನಿಲ್ಲಿಸಿ ಎದ್ದಳು.

ಸಂಜೆ ತಂಗಿ ನನಗೆ ಫೋನ್ ಮಾಡಿದಳು. “ಅಕ್ಕ, ನಾನ್ ನೋಡ್ದೇ ಇರೋ ಪಡ ನನ್ದ್ರಲ್ಲಿ ಅರ್ಧಕ್ಕೆ ನಿಂತಿದೆ. ಅದ್ರಲ್ಲಿ ಮಗ್ಳು ಅಡಿಗೆ ಮಾಡೋಕ್ ಬರ್ದೆ ಅನ್ನ ಸೀಯಿಸ್ಕೊಂಡ್ ಕೂತಿರ್ತಾಳೆ ನೋಡು, ಅಲ್ಲಿ. ನನ್ನೇ ಕಿಚಾಯಿಸ್ದಂಗಿದೆ. ಅವ್ವ ಅಲ್ವಾ?” ಅವ್ವನಲ್ಲದೆ ಇನ್ಯಾರು! ನಾನು ನಕ್ಕೂ ನಕ್ಕೂ ಅತ್ತೆ.

ಅಲ್ಲಿಂದ ಶುರುವಾಯಿತು. ಅವ್ವ ನಿಲ್ಲಿಸಿದಲ್ಲಿಂದ ತಂಗಿ ನೋಡಿ ಮುಗಿಸುವಳು, ಇನ್ನೊಂದನ್ನು ಹಾಕಿ ತನಗೆ ಬೇಕಾದ ಜಾಗದಲ್ಲಿ ನಿಲ್ಲಿಸುವಳು. ಒಮ್ಮೆ ತಂಗಿ ತೊಟ್ಟಿಲಿನ ದೃಶ್ಯದಲ್ಲಿ ನಿಲ್ಲಿಸಿದಳು. ಅವ್ವ ಅದನ್ನು ನೋಡಿ ಕೂತಲ್ಲೇ ಸೆರಗು ಬಾಯಿಗೆ ಒತ್ತಿಕೊಂಡಳು. ಮಾರನೆಯ ದಿನವಿಡೀ ರಿಮೋಟ್ ಹಿಡಿದು ತಡಕಾಡಿ, ಬಸುರಿಗೆ ಬಳೆ ತೊಡಿಸುವ ಶಾಸ್ತ್ರವಿದ್ದ ಸಿನಿಮಾ ಹುಡುಕಿ, ಕೈತುಂಬ ಬಳೆ ಬೀಳುವ ತನಕ ಓಡಿಸಿ ನಿಲ್ಲಿಸಿದಳು. ತಾಯಿ ಮಗಳಿಗೆ ಮಾಡಿದ ಸೀಮಂತ ಅಷ್ಟೇ. ಅಪ್ಪ ಮಗ್ಗದ ಗುಂಡಿಯಿಂದ ಕತ್ತೆತ್ತಿ ನೋಡಿ, ಮತ್ತೆ ಲಾಳಿ ಹಿಡಿದರು.

ಆಗ ಬಂತು ಆ ಹಾಳು ನಿಯಮ. ಒಂದು ಖಾತೆ ಒಂದೇ ಮನೆಗೆ. ಬೇರೆ ಮನೆಯಲ್ಲಿ ನೋಡಬೇಕೆಂದರೆ ಖಾತೆಯ ಯಜಮಾನನ ಫೋನಿಗೆ ಕೋಡ್ ಬರುತ್ತದೆ, ಅದನ್ನು ಹಾಕಬೇಕು. ಪೊಳ್ಳಾಚಿಯ ಟಿವಿಯ ಮೇಲೆ, ಈ ಟಿವಿ ನಿಮ್ಮ ಮನೆಯದ್ದಲ್ಲ ಅಂತ ಬರಹ ಬಂತಂತೆ. ತುಂಬಿದ ಬಸುರಿ ಅದನ್ನು ಓದಿಕೊಂಡು ಕೂತಿದ್ದಳು. ಆ ಕಂಪನಿಯಲ್ಲಿ ಯಾವನೋ ಎಲ್ಲೋ ಕೂತು ಬರೆದ ಸಾಲು, ನಮ್ಮ ಮನೆಗೇ ಹೇಳಿ ಬರೆಸಿದ ಹಾಗಿತ್ತು.

ಕೋಡ್ ಬಂದದ್ದು ಅಪ್ಪನ ಫೋನಿಗೆ. ನಾನು ಊರಿಗೆ ಓಡಿದೆ. ಇದು ಏನು, ಯಾರು ಕೇಳುತ್ತಿದ್ದಾರೆ, ಎಲ್ಲ ಬಿಡಿಸಿ ಹೇಳಿದೆ. ಅಪ್ಪ ಫೋನನ್ನು ಜೇಬಿನಿಂದ ತೆಗೆಯಲೇ ಇಲ್ಲ.

“ಗೊತ್ತು. ಟೀ ಕಡೇಲಿ ಅಂಗ್ಡಿಯೋನ್ ಹತ್ರ ಓದಿಸ್ದೆ. ಅದ್ ಬಂದಾಗೆಲ್ಲ ಫೋನ್ ಕೈಲಿಟ್ಕೊಂಡೇ ಕೂತಿರ್ತೀನಿ. ಅವ್ಳು ಒಂದ್ ಸಲ ಫೋನ್ ಮಾಡಿ ಅಪ್ಪಾ ಅನ್ಲಿ. ಕೊಡ್ತೀನಿ.”

“ನೀವೇ ಮಾಡಿ, ಏನ್ ಕಿರೀಟ ಬಿದ್ದೋಗುತ್ತೆ?”

“ಹೋದೋಳು ಅವ್ಳು.”

ತಂಗಿಗೆ ಹೇಳಿದೆ. ಅವಳು ಅಪ್ಪನ ಮಗಳೇ ಅಲ್ಲವೆ, ಅದೇ ಮೂಗು, ಅದೇ ಹಟ. “ನಂಗೆ ಎಳ್ಳುನೀರು ಬಿಟ್ರು ಅಕ್ಕ. ಸತ್ತೋರು ಫೋನ್ ಮಾಡ್ತಾರಾ?” ಅಂದಳು. ಆದರೂ ಟಿವಿಯಿಂದ ಕೋಡ್ ಕೇಳುವುದನ್ನು ಮಾತ್ರ ನಿಲ್ಲಿಸಲಿಲ್ಲ. ಅವಳು ಅಲ್ಲಿ ಟಿವಿಯ ಮುಂದೆ, ಅಪ್ಪ ಇಲ್ಲಿ ಫೋನ್ ಹಿಡಿದು, ಕೋಡಿನ ಆಯಸ್ಸು ಮುಗಿಯುವ ತನಕ ಇಬ್ಬರೂ ಸುಮ್ಮನೆ ಕೂತಿರುತ್ತಿದ್ದರು. ನಾನು ಪೀಳಮೇಡಿನಲ್ಲಿ ಕೂತು ಇಬ್ಬರಿಗೂ ಶಾಪ ಹಾಕುತ್ತಿದ್ದೆ. ಬೇರೆ ಖಾತೆ ಮಾಡಿಕೊಡುತ್ತೇನೆ ಅಂದರೆ ತಂಗಿಗೆ ಬೇಡ. ಬೇರೆ ಖಾತೆಯಲ್ಲಿ ಅವ್ವ ನಿಲ್ಲಿಸಿದ ಜಾಗ ಕಾಣುವುದಿಲ್ಲವಲ್ಲ.

ಅವ್ವನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಹೇಳಲು ಹೋದರೆ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಅವಳ ಕಣ್ಣಿಗೆ ಕಂಡದ್ದು ಒಂದೇ: ಗೆರೆಗಳು ಅಲ್ಲಾಡುತ್ತಿಲ್ಲ. “ಕೋಪ ಇರ್ಬೇಕು. ಇಲ್ಲಾಂದ್ರೆ ಬಾಣಂತನ,” ಅಂತ ತನಗೆ ತಾನೇ ಹೇಳಿಕೊಂಡು ಇನ್ನೊಂದು ಸಿನಿಮಾ ಹಾಕಿ ಅರ್ಧಕ್ಕೆ ನಿಲ್ಲಿಸುತ್ತಿದ್ದಳು. ಮಗು ಹುಟ್ಟಿದ ದಿನ ನಾನು ಊರಿಗೆ ಹೋಗಿ ಹಿತ್ತಲಲ್ಲಿ ನಿಂತು, ಪಕ್ಕದ ಮನೆಯವರಿಗೆ ಹೇಳುವ ಹಾಗೆ ಕೂಗಿದೆ: “ಯಾರಿಗೋ ಪೊಳ್ಳಾಚಿಯಲ್ಲಿ ಹೆಣ್ಣು ಮಗು ಆಯ್ತಂತೆ! ತಾಯಿ ಮಗು ಚೆನ್ನಾಗಿದ್ದಾರಂತೆ!” ಒಲೆಯ ಮುಂದೆ ಅವ್ವನ ಕೈ ಒಂದು ಕ್ಷಣ ನಿಂತಿತು. ಕಿವಿ ಮುಚ್ಚಿಕೊಳ್ಳಲು ಸೌಟು ಅಡ್ಡ ಬಂತು ಅಂತ ನಾನು ಅಂದುಕೊಂಡಿದ್ದೇನೆ. ಆ ದಿನ ಪಾಯಸ ಮಾಡಿದಳು. ಯಾತಕ್ಕೆ ಅಂತ ಅಪ್ಪ ಕೇಳಲಿಲ್ಲ, ಎರಡು ಲೋಟ ಕುಡಿದರು.

ಆದರೂ ಕೋಡ್ ಕೊಡಲಿಲ್ಲ.

ಕೋಳಿಮರಿಯ ಬಾಗಿಲಿನೊಳಗೆ ಅರ್ಧ ಸಿನಿಮಾಗಳ ಸಾಲು ಉದ್ದವಾಗುತ್ತಾ ಹೋಯಿತು. ನಾನೇ ಒಂದೆರಡನ್ನು ಓಡಿಸಿ ಮುಗಿಸಿಬಿಡಲೇ, ತಂಗಿಯೇ ನೋಡಿದಳೆಂದು ಅವ್ವ ಅಂದುಕೊಳ್ಳಲಿ ಅಂತ ರಿಮೋಟ್ ಎತ್ತಿಕೊಂಡೆ. ಅವ್ವ ನನ್ನ ಕೈಯಿಂದ ಕಿತ್ತುಕೊಂಡಳು. “ಅದು ಅವ್ಳು ಕೂರೋ ಜಾಗ” ಅಂದಳು.

ಆಮೇಲೆ ಅವ್ವನಿಗೆ ಜ್ವರ ಬಂತು. ಬಿಡದ ಜ್ವರ. ಮಾತ್ರೆ ನುಂಗಿ ಮಧ್ಯಾಹ್ನ ಟಿವಿಯ ಮುಂದೆ ಕೂರುವುದನ್ನು ಬಿಡಲಿಲ್ಲ. ಉಸಿರು ಕಟ್ಟಿದಾಗ ಕೊಯಮತ್ತೂರಿನ ಆಸ್ಪತ್ರೆಗೆ ಕರೆತಂದೆವು. ತಂಗಿಗೆ ಫೋನ್ ಮಾಡಿದೆ. ಅವಳು ಕೈಗೂಸು ಎತ್ತಿಕೊಂಡು ಪೊಳ್ಳಾಚಿಯಿಂದ ಬಸ್ಸು ಹತ್ತಿದಳು. ಬಸ್ಸು ಇಳಿಯುವ ಹೊತ್ತಿಗೆ ಅವ್ವ ಹೋಗಿಬಿಟ್ಟಿದ್ದಳು. ಆಣೆ ಮುರಿಯಲಿಲ್ಲ, ಮಗಳ ಮುಖ ನೋಡಲಿಲ್ಲ. ಅಯ್ಯೋ, ಅಂಥಾ ಆಣೆಗೆ ಬೆಂಕಿ ಬೀಳಲಿ!

ಮನೆಗೆ ಬಂದ ತಂಗಿಯನ್ನು ಅಪ್ಪ ತಡೆಯಲಿಲ್ಲ. ಬಾ ಅಂತಲೂ ಅನ್ನಲಿಲ್ಲ. ಶಾಸ್ತ್ರವೆಲ್ಲ ಮುಗಿದು ನೆಂಟರು ಹೋದ ಮೇಲೆ ಒಂದು ಮಧ್ಯಾಹ್ನ, ಅವ್ವ ಕೂರುತ್ತಿದ್ದ ಹೊತ್ತಿಗೇ, ತಂಗಿ ಮಗುವನ್ನು ಕಾಲಮೇಲೆ ಮಲಗಿಸಿಕೊಂಡು ಟಿವಿ ಹಾಕಿದಳು. ಕೋಳಿಮರಿ ಒತ್ತಿದಳು. ಅದು ಏನೂ ಕೇಳಲಿಲ್ಲ, ಕೋಡೂ ಇಲ್ಲ, ಗೀಡೂ ಇಲ್ಲ. ಖಾತೆಯ ಮನೆ ಇದೇ ತಾನೆ. ಸಾಲನ್ನು ಮೊದಲಿನಿಂದ ಕೊನೆಯವರೆಗೆ ಸರಿಸಿ ನೋಡಿದಳು. ಆಮೇಲೆ ಹಳೆಯದರಿಂದ ಶುರುಮಾಡಿ, ಅವ್ವ ನಿಲ್ಲಿಸಿದಲ್ಲಿಂದ ಒಂದೊಂದೇ ನೋಡಿ ಮುಗಿಸುತ್ತಾ ಬಂದಳು. ದಿನವೂ ಅದೇ ಕೆಲಸ. ಬಾಣಂತಿಗೆ ತಾಯಿ ಗಸಗಸೆ ಅರೆದು ಕೊಡುವ ಜಾಗದಲ್ಲಿ ನಿಂತಿತ್ತು ಒಂದು. ಕೂಸಿಗೆ ಎಣ್ಣೆ ಹಚ್ಚುವಲ್ಲಿ ನಿಂತಿತ್ತು ಇನ್ನೊಂದು. ಬಾಗಿಲಲ್ಲಿ ಬಂದು ನಿಂತ ಮಗಳನ್ನು ತಾಯಿ ಒಳಗೆ ಕರೆಯುವಲ್ಲಿ ಒಂದು. ಅಪ್ಪ ಮಗ್ಗದಿಂದ ಎದ್ದು ಬಂದು ಗೋಡೆಗೆ ಒರಗಿ ಕೂರತೊಡಗಿದರು. ಅವ್ವ ಆಡಿದ್ದನ್ನೆಲ್ಲ ಆ ಮನುಷ್ಯ ಆಗ ಕೇಳಿಸಿಕೊಂಡರು.

ಕೊನೆಯದು ಉಳಿಯಿತು, ಆಸ್ಪತ್ರೆಗೆ ಹೋಗುವ ಮುಂಚೆ ಅವ್ವ ಜ್ವರದಲ್ಲೇ ಹಾಕಿದ್ದು. ಚಿತ್ರ ಸಾಲಿನಲ್ಲಿತ್ತು, ಕೆಳಗೆ ಕೆಂಪು ಗೆರೆಯೂ ಇತ್ತು. ತಂಗಿ ಒತ್ತಿದಳು. ಪರದೆ ಕಪ್ಪಾಗಿ ಒಂದು ಸಾಲು ಬಂತು. ಇನ್ನೊಮ್ಮೆ ಒತ್ತಿದಳು, ಅದೇ ಸಾಲು. ಆ ಸಿನಿಮಾ ಈಗ ಇಲ್ಲಿ ಸಿಗುವುದಿಲ್ಲ, ತೆಗೆದಿದ್ದೇವೆ ಅಂತ. ಅವ್ವ ಎಲ್ಲಿ ನಿಲ್ಲಿಸಿದ್ದಳೋ, ಏನು ಹೇಳಬೇಕಿತ್ತೋ. ತಂಗಿ ರಿಮೋಟ್ ಒತ್ತುತ್ತಲೇ ಇದ್ದಳು.

ಅಪ್ಪನಿಗೆ ಆ ಸಾಲು ಓದಲು ಬರುವುದಿಲ್ಲ. ಅವರಿಗೆ ಗೊತ್ತಿದ್ದದ್ದು ಒಂದೇ, ಟಿವಿ ಹೀಗೆ ತಡೆದರೆ ಕೋಡ್ ಬೇಕು ಅಂತ. ಗೋಡೆ ಹಿಡಿದು ಎದ್ದರು. ಜೇಬಿನಿಂದ ಫೋನ್ ತೆಗೆದು ಪಂಚೆಯಲ್ಲಿ ಒರೆಸಿ, ಎರಡೂ ಕೈಯಲ್ಲಿ ಮಗಳ ಮುಂದೆ ಚಾಚಿದರು. ಎಳ್ಳುನೀರು ಬಿಟ್ಟ ಮೇಲೆ ಅವಳ ಹತ್ತಿರ ಆಡಿದ ಮೊದಲ ಮಾತು ಅದು.

“ಬಂದಿರುತ್ತೆ ನೋಡಮ್ಮ. ತೊಗೋ. ಹಾಕ್ಕೋ.”

ತಂಗಿ ಫೋನನ್ನು ನೋಡಿದಳು, ಅಪ್ಪನನ್ನು ನೋಡಿದಳು.

“ಇದು ಕೋಡಿಗೆ ಸಿಗಲ್ಲಪ್ಪಾ” ಅಂದಳು.

ಅಪ್ಪನಿಗೆ ಅರ್ಥವಾಗಲಿಲ್ಲ. ಫೋನ್ ಚಾಚಿಕೊಂಡು ಹಾಗೇ ನಿಂತಿದ್ದರು.